ಹೊಳಪು ಸುಳ್ಳು ಹೇಳುತ್ತಾ?

ವೀಕೆಂಡ್‌ನಲ್ಲಿ ಏನ್ ಮಾಡ್ತೀರಿ ಅಂತ ಕೇಳಿದರೆ ಬೆಂಗಳೂರಿನ ಯಾವುದೇ ಆಫೀಸಿನಲ್ಲಿ ಒಬ್ಬರಾದರೂ ‘ಹಳೇ ಯೆಜ್ಡಿ ರೆಡಿ ಮಾಡ್ತಿದ್ದೀನಿ’ ಅಂತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ಗಾಡಿಗಳ ಮೇಲಿನ ಮೋಹ ಮಾತ್ರ ಮುಗಿದಿಲ್ಲ. ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿಕೊಂಡು, ಇಂಜಿನ್ನಿನ ಅಲ್ಯೂಮಿನಿಯಂ ಕವರನ್ನು ತೊಡೆ ಮೇಲಿಟ್ಟುಕೊಂಡು ಉಜ್ಜೋದೇ ಒಂದು ಧ್ಯಾನ. ಮೊದಲು 220 ನಂಬರಿನ ವಾಟರ್ ಪೇಪರ್, ಆಮೇಲೆ 400, 800, 1200, 2000. ನಂಬರ್ ಬದಲಾದಾಗಲೆಲ್ಲ ಉಜ್ಜುವ ದಿಕ್ಕೂ ಬದಲಾಗಬೇಕು, ಹಿಂದಿನ ಗೀರು ಹೋಯ್ತೋ ಇಲ್ವೋ ಅಂತ ಆಗಲೇ ತಿಳಿಯೋದು. ನಡುವೆ ಒಂದು ನಂಬರ್ ಹಾರಿಸಿದರೆ, ಕೊನೆಗೆ ಬಫಿಂಗ್ ಆದಮೇಲೆ ಆ ಗೀರುಗಳು ಹೊಳಪಿನ ಒಳಗಿಂದಲೇ ಇಣುಕುತ್ತವೆ.

ಐವತ್ತು ವರ್ಷದ ಗಾಡಿಯನ್ನ ನಿನ್ನೆ ಶೋರೂಮಿಂದ ಬಂದಂತೆ ಮಾಡೋದು ಒಂಥರಾ ಸುಳ್ಳಲ್ವಾ ಅಂತ ಕೆಲವರು ಕೇಳ್ತಾರೆ. ನನಗೆ ಹಾಗನ್ನಿಸಲ್ಲ. ಬಣ್ಣ ಬಳಿಯುವವನು ಮೇಲೊಂದು ಪದರ ಸೇರಿಸ್ತಾನೆ. ಉಜ್ಜುವವನು ಮಂಕು ಪದರವನ್ನ ತೆಗೀತಾನೆ, ಅಷ್ಟೇ. ಕೆಳಗೆ ಕಾಣೋದು ಅದೇ ಲೋಹ.

ಹಾಗಂತ ಹೊಳಪೆಲ್ಲ ನಿರಪರಾಧಿಯೂ ಅಲ್ಲ. ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ. ಎರಡೂ ಕಡೆಯ ಕವರ್‌ಗಳಲ್ಲಿ ಮುಖ ನೋಡ್ಕೋಬಹುದಿತ್ತು. ಎರಡು ವಾರಕ್ಕೆ ಕೆಳಗಿಂದ ಆಯಿಲ್ ಸೋರೋಕೆ ಶುರುವಾಯ್ತು. ಕ್ರ್ಯಾಂಕ್‌ಕೇಸ್‌ನ ತಳದ ಬಿರುಕಿಗೆ ಎಪಾಕ್ಸಿ ಮೆತ್ತಿ, ಮೇಲೆ ಸಿಲ್ವರ್ ಪೇಂಟ್ ಹೊಡೆದಿದ್ದರು. ಮಾರಿದವರನ್ನ ಕೇಳಿದರೆ, ‘ನಾನೇನ್ ಸುಳ್ಳು ಹೇಳಿದೆ? ನೀವು ಕೇಳಲೇ ಇಲ್ವಲ್ಲ’ ಅಂದರು. ಮಾತಿನ ಮಟ್ಟಿಗೆ ಅದು ನಿಜವೇ. ಅವರ ಪರವಾಗಿ ಸುಳ್ಳು ಹೇಳಿದ್ದು ಆ ಕವರ್‌ಗಳು. ಕಣ್ಣು ಅಲ್ಲೇ ಸಿಕ್ಕಿಕೊಂಡು ಕೆಳಗಿಳಿಯಲೇ ಇಲ್ಲ.

ಇಂಜಿನ್ನಿನ ಒಳಗಂತೂ ಲೆಕ್ಕವೇ ಬೇರೆ. ಸಿಲಿಂಡರಿನ ಒಳಗೋಡೆಯನ್ನ ಕನ್ನಡಿ ಮಾಡಿದರೆ ಕೆಟ್ಟಿತು. ಅಲ್ಲಿ ಹೋನಿಂಗ್ ಮಾಡಿ ಬೇಕಂತಲೇ ಅಡ್ಡಾದಿಡ್ಡಿ ಸಣ್ಣ ಗೀರು ಹಾಕ್ತಾರೆ. ಆಯಿಲ್ ನಿಲ್ಲೋದು ಆ ಗೀರುಗಳಲ್ಲೇ. ರೇಸಿಂಗ್ ಇಂಜಿನ್ ಕಟ್ಟುವವರು ಕನೆಕ್ಟಿಂಗ್ ರಾಡನ್ನು ನುಣ್ಣಗೆ ಮಾಡೋದುಂಟು, ಅದೂ ಉದ್ದಕ್ಕೆ ಉಜ್ಜಿ. ಯಾಕಂದ್ರೆ ಅಡ್ಡ ಗೀರಿನಿಂದಲೇ ಬಿರುಕು ಹುಟ್ಟಬಹುದು. ಇಂಜಿನ್ ಮುಚ್ಚಿದ ಮೇಲೆ ಆ ಹೊಳಪನ್ನ ನೋಡೋರು ಯಾರೂ ಇಲ್ಲ. ಆದರೂ ಓಡಿಸುವವನ ಜೀವ ಅದರ ಮೇಲೆ ನಿಂತಿರುತ್ತೆ.

ಅಂದರೆ ಹೊಳಪಿನಲ್ಲಿ ಮೂರು ಬಗೆ: ಕೆಲಸಕ್ಕೆ ಬೇಕಾದದ್ದು, ಕಣ್ಣಿಗೆ ಖುಷಿ ಕೊಡೋದು, ಏನನ್ನೋ ಮುಚ್ಚಿಡೋದು. ಕೈಯಲ್ಲಿರೋ ವಾಟರ್ ಪೇಪರ್ ಮೂರಕ್ಕೂ ಒಂದೇ. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ಡೆಮೋ ದಿನದ ಸ್ಲೈಡು ಫಳಫಳ ಅನ್ನುತ್ತೆ, ಹಿಂದಿನ ಕೋಡಿನಲ್ಲಿ ಎಪಾಕ್ಸಿ ಮೆತ್ತಿರುತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೇರೆ ಮಾಡಿ ನೋಡೋದು ಹೇಗೆ? ನನಗೆ ತೋಚಿದ ಪರೀಕ್ಷೆ ಒಂದೇ. ಉಜ್ಜುವ ಮೊದಲು ತೆಗೆದ ಫೋಟೋವನ್ನ ಎದುರಿಗಿರುವವರಿಗೆ ತೋರಿಸಬಲ್ಲೆನಾ? ಸಾಮಾನ್ಯವಾಗಿ ಗಾಡಿ ಕಟ್ಟಿದವರು ಆ ಫೋಟೋವನ್ನ ಹೆಮ್ಮೆಯಿಂದಲೇ ತೋರಿಸ್ತಾರೆ, ‘ಹೀಗಿತ್ತು, ಹೀಗಾಯ್ತು’ ಅಂತ. ತೋರಿಸೋಕೆ ಕೈ ಹಿಂಜರಿದರೆ, ಅಲ್ಲೇನೋ ಬಿರುಕಿದೆ ಅಂತ ಅರ್ಥ.

ಹಾಗಂತ ದಾರೀಲಿ ಹೋಗೋರಿಗೆಲ್ಲ ನಮ್ಮ ಹಳೇ ಗೀರುಗಳ ಲೆಕ್ಕ ಒಪ್ಪಿಸಬೇಕಿಲ್ಲ. ನಿಂತು ನೋಡಿ ‘ಚೆನ್ನಾಗಿದೆ’ ಅಂದು ಹೋಗುವವರಿಗೆ ಹೊಳಪು ಸಾಕು. ಆದರೆ ನಮ್ಮನ್ನ ನಂಬಿ ಆ ಗಾಡಿ ಹತ್ತಿ ಘಾಟಿ ಇಳಿಯುವವರಿಗೆ ಬಿರುಕು ಎಲ್ಲಿದೆ ಅಂತ ಕೇಳದೇನೇ ಹೇಳಬೇಕು.