ಬಾಡಿಗೆಯ ವಸ್ತುವೂ ಪರಿಗ್ರಹವೇ?

ಗೃಹಸ್ಥನಾದವನು ವಸ್ತುಗಳಿಲ್ಲದೆ ಬಾಳಲಾರನು. ಆದುದರಿಂದಲೇ ಆಚಾರ್ಯರು ಮುನಿಗಳಿಗೆ ಪರಿಗ್ರಹದ ಸಂಪೂರ್ಣ ತ್ಯಾಗವನ್ನೂ ಶ್ರಾವಕರಿಗೆ ಅದರ ಪರಿಮಾಣವನ್ನೂ ವಿಧಿಸಿದರು. ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳ ಜೊತೆಗೆ ಮನೆಬಳಕೆಯ ಸಾಮಾನುಗಳೂ ಆ ಎಣಿಕೆಯಲ್ಲಿ ಸೇರಿವೆ. ಆದರೆ ಇಂದಿನ ಮನೆಯಲ್ಲಿ ಒಡೆತನವಿಲ್ಲದೆಯೇ ಬಳಕೆಯಲ್ಲಿರುವ ವಸ್ತುಗಳು ಹಲವು. ದೂರದರ್ಶನದ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಪೆಟ್ಟಿಗೆಯು ಅವುಗಳಲ್ಲೊಂದು. ಅದನ್ನು ಕೇಬಲ್ ಸಂಸ್ಥೆಯಿಂದ ಬಾಡಿಗೆಗೆ ಪಡೆಯಬೇಕೇ, ಸ್ವಂತಕ್ಕೆ ಕೊಳ್ಳಬೇಕೇ ಎಂಬುದು ಮೇಲುನೋಟಕ್ಕೆ ಹಣದ ಪ್ರಶ್ನೆ. ಆದರೆ ಪರಿಮಾಣ ವ್ರತವನ್ನು ಕೈಕೊಂಡ ಶ್ರಾವಕನು, “ಪೆಟ್ಟಿಗೆ ಸಂಸ್ಥೆಯದು, ನನ್ನದಲ್ಲ, ಆದುದರಿಂದ ನನ್ನ ವ್ರತದ ಲೆಕ್ಕಕ್ಕೆ ಬಾರದು” ಎಂದರೆ ಅದು ಧರ್ಮದ ಪ್ರಶ್ನೆಯಾಗುತ್ತದೆ.

ಈ ಪ್ರಶ್ನೆ ಪೂರ್ತಿ ಹೊಸದಲ್ಲ. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ವರ್ಣ ದೂರದರ್ಶನವು ಬಂದ ನಂತರ, ರಾಯಚೂರಿನಂತಹ ಊರುಗಳಲ್ಲಿ ವಿಡಿಯೊ ಅಂಗಡಿಗಳಿಂದ ವಿ.ಸಿ.ಆರ್. ಯಂತ್ರವನ್ನು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುವ ರೂಢಿಯಿತ್ತು. ಬೆಳಗಾದರೆ ಹಿಂದಿರುಗಿಸಲೇಬೇಕು. ಆ ಬಾಡಿಗೆಯಲ್ಲಿ ಮಿತಿಯು ತಾನಾಗಿಯೇ ಅಡಗಿದ್ದಿತು. ಮುಂದೆ ಕೇಬಲ್ ಬಂದಿತು; 1995ರಲ್ಲಿ ಅದಕ್ಕೊಂದು ಕಾಯಿದೆಯೂ ಆಯಿತು. ಮಹಾನಗರಗಳ ನಂತರ ಉಳಿದ ಪಟ್ಟಣಗಳು ಡಿಜಿಟಲ್ ವ್ಯವಸ್ಥೆಗೆ ಬದಲಾಗಲು 2015ರ ಡಿಸೆಂಬರ್ 31ರ ಗಡುವು ನಿಗದಿಯಾಯಿತು. ಅಲ್ಲಿಂದ ಸೆಟ್ ಟಾಪ್ ಬಾಕ್ಸ್ ಇಲ್ಲದೆ ಕೇಬಲ್ ಇಲ್ಲವೆಂಬಂತಾಯಿತು. ಇತ್ತ ಟಾಟಾ ಸ್ಕೈ 2008ರಲ್ಲಿಯೇ ಮುದ್ರಿಸಿಕೊಳ್ಳಬಲ್ಲ ಪೆಟ್ಟಿಗೆಯನ್ನು ತಂದಿದ್ದಿತು. ಸರ್ಕಾರದ ಉಚಿತ ಉಪಗ್ರಹ ಸೇವೆಯೂ 2004ರಿಂದ ಇದೆ. ಈಗಿನ ಹೆಸರು ಡಿ.ಡಿ. ಫ್ರೀ ಡಿಶ್. ದೇವದುರ್ಗ, ಮಾನ್ವಿಯ ಹಳ್ಳಿಯವನು ಅದರ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಒಮ್ಮೆ ಕೊಂಡರೆ ತಿಂಗಳ ಶುಲ್ಕವಿಲ್ಲ. ಪೆನ್ ಡ್ರೈವ್ ಸಿಕ್ಕಿಸಿ ಮುದ್ರಿಸಿಕೊಳ್ಳುವ ಸೌಕರ್ಯವೂ ಅಂತಹ ಹಲವು ಪೆಟ್ಟಿಗೆಗಳಲ್ಲಿ ದೊರೆಯುತ್ತದೆ.

ಮೊದಲು ಲೆಕ್ಕವನ್ನು ನೋಡಬೇಕು. ಪೆಟ್ಟಿಗೆಯ ಬೆಲೆ 3,000 ರೂಪಾಯಿ, ಬಾಡಿಗೆ ತಿಂಗಳಿಗೆ 100 ರೂಪಾಯಿ ಎಂದಿಟ್ಟುಕೊಂಡರೆ 30 ತಿಂಗಳಿಗೆ ಎರಡೂ ಸಮನಾಗುತ್ತವೆ. ಅಲ್ಲಿಂದ ಮುಂದೆ ಬಾಡಿಗೆಯವನು ಕೊಡುತ್ತಲೇ ಇರುತ್ತಾನೆ. ಆದರೆ ಕೊಂಡವನಿಗೆ ಸವಕಳಿಯುಂಟು, ದುರಸ್ತಿಯುಂಟು, ಡಿಸ್ಕ್ ಕೆಡುವ ಭಯವುಂಟು. ಬಾಡಿಗೆಯವನಿಗೆ ದುರಸ್ತಿಯ ಹೊಣೆಯು ಬಹುಮಟ್ಟಿಗೆ ತಪ್ಪುತ್ತದೆ. ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಒಂದು ಸಂಸ್ಥೆಯ ಪೆಟ್ಟಿಗೆ ಸಾಮಾನ್ಯವಾಗಿ ಮತ್ತೊಂದರಲ್ಲಿ ನಡೆಯುವುದಿಲ್ಲ. ಈ ಅಡಚಣೆಯನ್ನು ನಿವಾರಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಶಿಫಾರಸು ಮಾಡಿತು. ಹಲವು ಪೆಟ್ಟಿಗೆಗಳಲ್ಲಿ ಮುದ್ರಿಸಿದುದು ಆ ಪೆಟ್ಟಿಗೆಯಲ್ಲಿ ಮಾತ್ರ ತೆರೆಯುತ್ತದೆ. ಹಾಗಾದಾಗ ಹಣ ಕೊಟ್ಟು ಕೊಂಡವನ ಒಡೆತನವೂ ಅರ್ಧ ಒಡೆತನವೇ.

ವ್ಯಾಪಾರದ ಪುಸ್ತಕದಲ್ಲಿ ಕೊಂಡ ಪೆಟ್ಟಿಗೆಯು ಅಢಾವೆ ಪತ್ರಿಕೆಯ ಆಸ್ತಿಯ ಬದಿಗೆ ಬರುತ್ತದೆ. ಬಾಡಿಗೆಯು ಖರ್ಚಿನ ಬದಿಗೆ ಹೋಗಿ ಮುಗಿಯುತ್ತದೆ. “ನನ್ನದಲ್ಲ” ಎನ್ನುವ ಶ್ರಾವಕನು ಈ ಪುಸ್ತಕವನ್ನೇ ವ್ರತದ ಪುಸ್ತಕವೆಂದು ಭಾವಿಸಿರುತ್ತಾನೆ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಗುರುತಿಸಿದ್ದು ಖರೀದಿ ಪತ್ರದಿಂದಲ್ಲ, ಮನಸ್ಸಿನ ಮೂರ್ಛೆಯಿಂದ. ಪೆಟ್ಟಿಗೆ ಒಂದು ವಾರ ಕೆಟ್ಟು ನಿಂತರೆ ಮನೆಯಲ್ಲಿ ಕಲಹವೇಳುವುದಾದರೆ, ಅದು ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಲ್ಲ. ಆ ಕಲಹವೇ ಪರಿಗ್ರಹದ ರಸೀದಿ. ಆದುದರಿಂದ ಬಾಡಿಗೆಯ ಪೆಟ್ಟಿಗೆಯೂ ವ್ರತದ ಲೆಕ್ಕದಲ್ಲಿ ಸೇರತಕ್ಕದ್ದು.

ಹಾಗೆಂದು ಬಾಡಿಗೆಯು ಹೀನವೆಂದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಅನುಭವಿಸಿ ಬಿಡುವುದನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸುವುದನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಅವುಗಳ ತ್ಯಾಗದಲ್ಲಿ ಕಾಲಮಿತಿಯುಳ್ಳದ್ದು ನಿಯಮ, ಬಾಳಿನುದ್ದಕ್ಕೂ ಇರುವುದು ಯಮ. ಇದರ ಬೆಳಕಿನಲ್ಲಿ ನೋಡಿದರೆ, “ಚಾತುರ್ಮಾಸದ ನಾಲ್ಕು ತಿಂಗಳ ಪ್ರವಚನಗಳನ್ನು ಮುದ್ರಿಸಿಕೊಂಡು ಕೇಳಿ, ನಂತರ ಹಿಂದಿರುಗಿಸುವೆನು” ಎಂದು ಬಾಡಿಗೆಗೆ ತಂದವನು ಕಾಲಮಿತಿಯನ್ನು ತಾನೇ ಹಾಕಿಕೊಂಡಂತಾಯಿತು. ದಿನವನ್ನು ನಿಗದಿಪಡಿಸದೆ ತಿಂಗಳಿಂದ ತಿಂಗಳಿಗೆ ಹಣ ಕಟ್ಟುವವನು ಅದೇ ಬಾಡಿಗೆಯಿಂದ ಕೊನೆಯಿಲ್ಲದ ಬಂಧವನ್ನು ತಂದುಕೊಂಡನು. ನಿತ್ಯದ ಅವಶ್ಯಕತೆಯಿದ್ದರೆ ಒಂದನ್ನು ಕೊಂಡು, ಎಣಿಕೆಯಲ್ಲಿ ಬರೆದಿಟ್ಟು, ಮತ್ತೊಂದನ್ನು ಬಯಸದಿರುವುದೇ ಲೇಸು.

ಪೆಟ್ಟಿಗೆಯಿಂದ ಧರ್ಮಕ್ಕೆ ಉಪಕಾರವಿಲ್ಲವೆಂದೂ ಹೇಳಲಾಗದು. ಸುಗ್ಗಿಯ ಕಾಲದಲ್ಲಿ ಮಾನ್ವಿಯ ಭತ್ತದ ವ್ಯಾಪಾರಿಗೆ ಮನೆ ಸೇರುವುದು ತಡವಾಗುತ್ತದೆ. ರಾಯಚೂರಿನ ಹತ್ತಿ ವ್ಯಾಪಾರಿಯ ಮನೆಯಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿದು, ಬಳಿಕ ಆರತಿ, ಸಾಮಾಯಿಕಗಳ ವೇಳೆಯಾಗುತ್ತದೆ. ದೂರದರ್ಶನದ ಮುಖ್ಯ ಕಾರ್ಯಕ್ರಮಗಳೂ ಅದೇ ವೇಳೆಗೆ ಬರುತ್ತವೆ. ಮುದ್ರಿಸಿಕೊಂಡರೆ ಸಾಮಾಯಿಕವು ಧಾರಾವಾಹಿಗಾಗಿ ಸರಿಯಬೇಕಾಗಿಲ್ಲ. ಇದು ಲಾಭ. ಆದರೆ ನೋಡುವುದನ್ನು ಮುಂದಕ್ಕೆ ಹಾಕುವ ಯಂತ್ರವೇ ಕೂಡಿಡುವ ಯಂತ್ರವೂ ಹೌದು. ಇನ್ನೂರು ಗಂಟೆಗಳ ಕಾರ್ಯಕ್ರಮ ತುಂಬಿದ್ದರೆ, ದಿನಕ್ಕೊಂದು ಗಂಟೆಯಂತೆ ನೋಡಿದರೂ ಆರು ತಿಂಗಳು ಮೀರುತ್ತದೆ. ಅಷ್ಟರಲ್ಲಿ ಇನ್ನೂ ಇನ್ನೂರು ಗಂಟೆ ಬಂದಿರುತ್ತದೆ. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಅತಿಸಂಗ್ರಹವೂ ಒಂದೆಂದು ಆಚಾರ್ಯರು ಹೇಳಿದ್ದು ಕಣಜಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಚಿತ್ತವನ್ನು ಕದಡುವ ಕಥೆಗಳನ್ನು ಕೇಳುವುದು ದುಃಶ್ರುತಿಯೆಂಬ ಅನರ್ಥದಂಡ. ಅವನ್ನೇ ಕೂಡಿಟ್ಟು ಮತ್ತೆ ಮತ್ತೆ ನೋಡುವುದು ಅದರ ಉಪಭೋಗ.

ಇನ್ನು ಬಸದಿಯ ಟ್ರಸ್ಟುಗಳ ವಿಚಾರ. 2018ರ ಫೆಬ್ರವರಿಯ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಂತಹ ಸಂದರ್ಭದಲ್ಲಿ, ದೇವದುರ್ಗದಿಂದ ಅಷ್ಟು ದೂರ ಹೋಗಲಾರದ ಹಿರಿಯರಿಗೆ ಮುದ್ರಿಸಿ ತೋರಿಸಬೇಕೆಂಬ ಬಯಕೆ ಸಹಜ. ಆದರೆ ಇಲ್ಲಿ ಅಚೌರ್ಯದ ಮಾತು ಬರುತ್ತದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ಯಂತ್ರದ ಮೊಕದ್ದಮೆಯಲ್ಲಿ, ಅನುಕೂಲದ ವೇಳೆಗೆ ನೋಡಲು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು ಐವರು-ನಾಲ್ವರ ಬಹುಮತದಿಂದ ತೀರ್ಪಿತ್ತಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 39ನೆಯ ಪ್ರಕರಣವೂ ಮುದ್ರಿಸಿಕೊಂಡವನ ಖಾಸಗಿ ಉಪಯೋಗಕ್ಕೆ ಅವಕಾಶ ಕೊಡುತ್ತದೆ. ಸಭೆ ಸೇರಿಸಿ ತೋರಿಸುವುದು, ಪ್ರತಿ ಮಾಡಿ ಹಂಚುವುದು ಖಾಸಗಿ ಉಪಯೋಗವೆನಿಸುವುದಿಲ್ಲ. ಪ್ರಸಾರ ಮಾಡಿದವರ ಅನುಮತಿಯನ್ನು ಬೇಡಿ ಪಡೆದರೆ ಅದು ದತ್ತವಾಗುತ್ತದೆ. ಇಲ್ಲವಾದರೆ ಪುಣ್ಯಕಾರ್ಯಕ್ಕೂ ಅದತ್ತವು ಅದತ್ತವೇ. ಹಣದ ವಿಷಯದಲ್ಲಿಯೂ ಟ್ರಸ್ಟು ಗೃಹಸ್ಥನಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಭಕ್ತರ ಕಾಣಿಕೆಯಿಂದ ಕೊನೆಯಿಲ್ಲದ ಬಾಡಿಗೆಯನ್ನು ಕಟ್ಟುವುದು ಮುಂದಿನ ಸಮಿತಿಯ ಮೇಲೂ ಹೊರೆಯನ್ನು ಹೊರಿಸಿದಂತೆ. ಕೊಳ್ಳುವುದಾದರೆ ದಾಸ್ತಾನು ಪುಸ್ತಕದಲ್ಲಿ ಕಾಣಬೇಕು. ಬಾಡಿಗೆಯಾದರೆ ಕೊನೆಯ ದಿನವು ನಿರ್ಣಯದಲ್ಲಿಯೇ ನಮೂದಾಗಿರಬೇಕು.

ಈಗ ಮೊಬೈಲು, ಅಂತರ್ಜಾಲಗಳು ಬಂದು ಮುದ್ರಿಸಿಕೊಳ್ಳುವ ಅಗತ್ಯವೇ ತಗ್ಗಿದೆ. ಆದರೆ ತಿಂಗಳ ಚಂದಾಗಳು ಹೆಚ್ಚಿವೆ. ಏನನ್ನೂ ಕೊಳ್ಳದೆ ಎಲ್ಲವನ್ನೂ ಅನುಭವಿಸುವ ಈ ಕಾಲದಲ್ಲಿ, ಒಡೆತನವನ್ನು ಮಾತ್ರ ಎಣಿಸುವ ವ್ರತವು ಹೆಸರಿಗಷ್ಟೇ ಉಳಿಯುತ್ತದೆ. ಪೆಟ್ಟಿಗೆಯನ್ನು ಮನೆಗೆ ತರುವ ಮುನ್ನ ಶ್ರಾವಕನು ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಲಿ: ಎಷ್ಟು ಕಾಲಕ್ಕೆ, ಎಷ್ಟು ಗಂಟೆಗಳಿಗೆ, ಯಾವುದಕ್ಕಾಗಿ. ಈ ಮೂರಕ್ಕೂ ಉತ್ತರವಿದ್ದರೆ ಬಾಡಿಗೆಯೂ ನಿರ್ದೋಷ, ಖರೀದಿಯೂ ನಿರ್ದೋಷ. ಉತ್ತರವಿಲ್ಲದಿದ್ದರೆ ಪೆಟ್ಟಿಗೆ ಯಾರದಾದರೂ ಆಗಲಿ, ಬಂಧವು ಅವನದೇ.