ಅಡುಗೆ ಮನೆಯ ಪ್ರಯೋಗಗಳು: ರುಚಿಯ ಹಕ್ಕು ಯಾರದು?

ಒಂದು ಮನೆಯ ಅಡುಗೆಯನ್ನು ಬದಲಿಸುವ ಅಧಿಕಾರ ಯಾರಿಗಿದೆ? ಮೇಲ್ನೋಟಕ್ಕೆ ಇದು ಕ್ಷುಲ್ಲಕ ಪ್ರಶ್ನೆಯೆಂದು ಕಾಣಬಹುದು. ನಮಾಝ್, ಝಕಾತ್, ವ್ಯಾಪಾರದ ಪ್ರಾಮಾಣಿಕತೆ ಮುಂತಾದವುಗಳ ಕುರಿತು ಬರೆಯಬೇಕಾದ ಪುಟದಲ್ಲಿ ಸಾರಿನ ಉಪ್ಪುಹುಳಿಯ ಮಾತೇಕೆ ಎಂದು ನೀವು ಕೇಳಲೂಬಹುದು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಸಂಬಂಧಗಳು ಹದಗೆಡುವುದು ದೊಡ್ಡ ವಿಷಯಗಳಿಂದಲ್ಲ. ಹೊಸದಾಗಿ ಬಂದ ಸೊಸೆ ಮೀನಿನ ಸಾರಿಗೆ ಹುಣಸೆಯ ಬದಲು ಟೊಮೆಟೊ ಹಾಕಿದಳು, ತೆಂಗಿನ ತುರಿಯನ್ನು ಅರ್ಧಕ್ಕಿಳಿಸಿದಳು, ಬಿರಿಯಾನಿಗೆ ತುಪ್ಪ ಬಿಟ್ಟು ಎಣ್ಣೆ ಸುರಿದಳು. ಇಷ್ಟರಿಂದಲೇ ಮಾತಿಗೆ ಮಾತು ಬೆಳೆದು, ‘ನಿನ್ನ ತಾಯಿ ಮನೆಯ ಅಡುಗೆ ಇಲ್ಲಿ ಬೇಡ’ ಎಂಬಲ್ಲಿಗೆ ಮುಟ್ಟಿದ ಸಂದರ್ಭಗಳು ನಿಮಗೂ ಗೊತ್ತಿರಬಹುದು. ಸಾರಿನ ಹೆಸರಿನಲ್ಲಿ ನಡೆಯುವ ಈ ಜಗಳ ನಿಜವಾಗಿ ಸಾರಿನದ್ದಲ್ಲ. ಈ ಮನೆಯಲ್ಲಿ ಯಾರ ಮಾತು ನಡೆಯಬೇಕು, ಯಾರ ನೆನಪು ಉಳಿಯಬೇಕು, ಯಾರ ಶ್ರಮಕ್ಕೆ ಬೆಲೆ ಇದೆ ಎಂಬುದೇ ಅಲ್ಲಿನ ವಿವಾದ.

ಹಿರಿಯರು ಸಾಮಾನ್ಯವಾಗಿ ಮುಂದಿಡುವ ವಾದ ಒಂದೇ. ನಮ್ಮಲ್ಲಿ ಹಿಂದಿನಿಂದಲೂ ಹೀಗೆಯೇ ಮಾಡುತ್ತಾ ಬಂದಿದ್ದೇವೆ ಎಂಬುದು. ಈ ‘ಹಿಂದಿನಿಂದ’ ಎಂಬುದು ಎಷ್ಟು ಹಿಂದಿನದು ಎಂದು ಒಮ್ಮೆ ಯೋಚಿಸಿ ನೋಡಿ. ಇಂದು ನಮ್ಮ ಸಾರಿಗೆ ಬಣ್ಣ ಮತ್ತು ಖಾರ ಕೊಡುವ ಮೆಣಸಿನಕಾಯಿ ಭಾರತದ ಬೆಳೆಯೇ ಆಗಿರಲಿಲ್ಲ. ಅದು ಅಮೆರಿಕ ಖಂಡದ ಗಿಡ; 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಟೊಮೆಟೊ, ಆಲೂಗಡ್ಡೆಗಳ ಮೂಲವೂ ಅದೇ ಖಂಡ. ಅದಕ್ಕೆ ಮೊದಲು ನಮ್ಮ ನಾಡಿನ ಅಡುಗೆಗೆ ಖಾರ ಬರುತ್ತಿದ್ದುದು ಮುಖ್ಯವಾಗಿ ಕರಿಮೆಣಸಿನಿಂದ. ಹಾಗಾದರೆ ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ಮಸಾಲೆಯೇ ಇಲ್ಲ ಎನ್ನುವ ನಮ್ಮ ಪರಂಪರೆಯೂ, ಯಾವುದೋ ಕಾಲದಲ್ಲಿ ಯಾರೋ ಒಬ್ಬಾಕೆ ಅಳುಕುತ್ತಲೇ ಮಾಡಿದ ಪ್ರಯೋಗದಿಂದ ಆರಂಭವಾದುದೇ ತಾನೇ? ಭಟ್ಕಳದ ನವಾಯತರು ಅಕ್ಕಿಯ ಬದಲು ಶಾವಿಗೆಯಿಂದ ಬಿರಿಯಾನಿ ಮಾಡುತ್ತಾರೆ. ಬ್ಯಾರಿ ಮನೆಗಳಲ್ಲಿ ಅಕ್ಕಿ ಹಿಟ್ಟಿನ ಸಣ್ಣ ಉಂಡೆಗಳನ್ನು ಮಾಂಸದ ಸಾರಿನಲ್ಲಿ ಹಾಕಿ ‘ಪಿಂಡಿ’ ಮಾಡುತ್ತಾರೆ. ಬಸವಕಲ್ಯಾಣದ ನವಾಬರ ಮನೆತನದೊಂದಿಗೆ ಹೈದರಾಬಾದ್ ಸೇರಿದ ಕಲ್ಯಾಣಿ ಬಿರಿಯಾನಿಯಲ್ಲಿ ಟೊಮೆಟೊ ಬೀಳುತ್ತದೆ. ಇವೆಲ್ಲವೂ ಇದ್ದ ಸಾಮಗ್ರಿ, ಇದ್ದ ಹಣ ಮತ್ತು ಮನೆಯವರ ನಾಲಗೆಗೆ ತಕ್ಕಂತೆ ಹೊಂದಿಕೊಂಡ ಅಡುಗೆಗಳು.

ಹೊಸದನ್ನು ಕಂಡು ಬೆದರುವ ಸ್ವಭಾವವೂ ಹೊಸದಲ್ಲ. ಈಗ ಅತಿಥಿ ಬಂದ ಕೂಡಲೇ ನಾವು ಒಲೆಯ ಮೇಲಿಡುವ ಕಾಫಿಯನ್ನೇ ನೋಡಿ. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್, ವಿದ್ವಾಂಸರನ್ನೂ ವೈದ್ಯರನ್ನೂ ಸೇರಿಸಿ ಕಾಫಿ ನಿಷಿದ್ಧವೆಂದು ತೀರ್ಮಾನ ಮಾಡಿಸಿ, ಬೀದಿಯಲ್ಲಿ ಕಾಫಿಯನ್ನು ಸುಡಿಸಿದ. ಆದರೆ ಕೈರೋದ ಸುಲ್ತಾನರ ಕಡೆಯಿಂದ ಬಂದ ಆಜ್ಞೆ ಆ ಪೂರ್ಣ ನಿಷೇಧವನ್ನು ಎತ್ತಿ ಹಿಡಿಯಲಿಲ್ಲ. ಮುಂದೆ ಅದೇ ಅರಬ್ ನಾಡಿನಿಂದ ಬಾಬಾ ಬುಡನ್ ಏಳು ಬೀಜಗಳನ್ನು ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂಬ ಪ್ರತೀತಿಯನ್ನು ನಾವೆಲ್ಲ ಕೇಳಿದ್ದೇವೆ. ಒಂದು ಕಾಲದಲ್ಲಿ ಸುಟ್ಟು ಹಾಕಿದ್ದು ಇನ್ನೊಂದು ಕಾಲದಲ್ಲಿ ನಮ್ಮದೇ ನಾಡಿನ ಹೆಮ್ಮೆಯಾಯಿತು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಅಡುಗೆಯಲ್ಲಿ ಏನಾದರೂ ಹೊಸತು ಕಂಡರೆ ಕೆಲವರು ತಮಾಷೆಗೋ ಗಂಭೀರವಾಗಿಯೋ ‘ಇದೆಂಥ ಬಿದ್‌ಅತ್’ ಎನ್ನುವುದುಂಟು. ಧಾರ್ಮಿಕ ವಿಧಿಗಳಲ್ಲಿ ಆಜ್ಞೆ ಇಲ್ಲದ್ದನ್ನು ಸೇರಿಸುವಂತಿಲ್ಲ. ಆದರೆ ಲೌಕಿಕ ರೂಢಿಗಳ ವಿಷಯದಲ್ಲಿ ನಿಷೇಧವಿಲ್ಲದ್ದೆಲ್ಲವೂ ಅನುಮತಿಸಲ್ಪಟ್ಟದ್ದು. ಇದು ಫಿಕ್‌ಹ್ ವಿದ್ವಾಂಸರು ಸಾಮಾನ್ಯವಾಗಿ ಅಂಗೀಕರಿಸಿದ ತತ್ವ. ಪ್ರವಾದಿವರ್ಯರು(ಸ) ತಾಜಾ ಖರ್ಜೂರದೊಂದಿಗೆ ಸೌತೆಕಾಯಿ ಸೇರಿಸಿ ತಿನ್ನುತ್ತಿದ್ದುದು ಹದೀಸ್‌ಗಳಲ್ಲಿ ವರದಿಯಾಗಿದೆ. ಒಂದರ ಉಷ್ಣಕ್ಕೆ ಇನ್ನೊಂದರ ತಂಪು ಎಂಬ ಲೆಕ್ಕಾಚಾರ ಅಂದಿನ ಮನೆಗಳಲ್ಲೂ ಇತ್ತು. ಆದ್ದರಿಂದ ಬಾಣಲೆಯ ಒಳಗಿನ ಸ್ವಾತಂತ್ರ್ಯ ವಿಶಾಲವಾದುದು. ಪ್ರಶ್ನೆ ಏಳುವುದು ಆ ಬಾಣಲೆಯಿಂದ ತಟ್ಟೆಗೆ ಬಡಿಸುವಾಗ. ಏಕೆಂದರೆ ತಟ್ಟೆಯ ಮುಂದೆ ಇನ್ನೊಬ್ಬರು ಕುಳಿತಿದ್ದಾರೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಕರಾವಳಿಯ ಬ್ಯಾರಿಗಳೂ ನವಾಯತರೂ ಶಾಫಿಈ ಮದ್‌ಹಬ್‌ನವರು. ಘಟ್ಟದ ಮೇಲಿನ ಉರ್ದು ಮಾತನಾಡುವ ಕುಟುಂಬಗಳು ಹೆಚ್ಚಾಗಿ ಹನಫಿಗಳು. ಶಾಫಿಈಗಳಲ್ಲಿ ಸಮುದ್ರದ ಆಹಾರದ ಕುರಿತು ವಿಶಾಲವಾದ ಅನುಮತಿ ಇದೆ. ಹನಫಿಗಳಲ್ಲಿ ಮೀನು ಮಾತ್ರ ಹಲಾಲ್, ಏಡಿ ಸಲ್ಲದು, ಸಿಗಡಿಯ ಬಗ್ಗೆ ಅವರ ವಿದ್ವಾಂಸರಲ್ಲೇ ಎರಡು ಅಭಿಪ್ರಾಯ. ಉಡುಪಿಯ ಹುಡುಗಿಯೊಬ್ಬಳು ಮದುವೆಯಾಗಿ ದಾವಣಗೆರೆಗೆ ಹೋದಳೆನ್ನಿ. ಆಕೆಗೆ ಚಿಕ್ಕಂದಿನಿಂದ ರುಚಿಯೆಂದರೆ ಸಿಗಡಿಯ ಸುಕ್ಕ. ಅತ್ತೆಯ ಮನೆಯಲ್ಲಿ ಅದರ ವಾಸನೆಯೇ ಆಗದು. ಆಕೆ ತನ್ನ ರುಚಿಯನ್ನು ಮರೆತುಬಿಡಬೇಕೇ? ಅವರು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡಬೇಕೇ?

ಹ. ಮೈಮೂನಾ(ರ)ರ ಮನೆಯಲ್ಲಿ ನಡೆದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಮರುಭೂಮಿಯ ಉಡದಂತಹ ಪ್ರಾಣಿಯೊಂದನ್ನು ಸುಟ್ಟು ಪ್ರವಾದಿವರ್ಯರ(ಸ) ಮುಂದೆ ಇಡಲಾಯಿತು. ಅವರು ಕೈ ಚಾಚಿದಾಗ, ಅದೇನೆಂದು ಅವರಿಗೆ ತಿಳಿಸಬೇಕೆಂದು ಅಲ್ಲಿದ್ದ ಮಹಿಳೆಯೊಬ್ಬರು ಹೇಳಿದರು. ತಿಳಿದ ಕೂಡಲೇ ಅವರು ಕೈ ಹಿಂದೆಗೆದುಕೊಂಡರು. ಅದು ನಿಷಿದ್ಧವೇ ಎಂದು ಹ. ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತಮ್ಮ ಊರಿನಲ್ಲಿ ಅದಿಲ್ಲದ ಕಾರಣ ತಮಗೆ ಹಿಡಿಸುವುದಿಲ್ಲ ಎಂದಷ್ಟೇ ತಿಳಿಸಿದರು. ಖಾಲಿದ್(ರ) ಅದನ್ನು ತಮ್ಮತ್ತ ಎಳೆದುಕೊಂಡು ತಿಂದರು, ಪ್ರವಾದಿವರ್ಯರು(ಸ) ನೋಡುತ್ತಿದ್ದರು. ಒಂದೇ ಸುಪ್ರದ ಮೇಲೆ ಒಬ್ಬರು ತಿಂದರು, ಒಬ್ಬರು ತಿನ್ನಲಿಲ್ಲ. ತಿನ್ನದವರು ತಿಂದವರನ್ನು ಹೀಯಾಳಿಸಲಿಲ್ಲ, ತಿಂದವರು ತಿನ್ನದವರನ್ನು ಒತ್ತಾಯಿಸಲಿಲ್ಲ. ಉಡುಪಿಯ ಸೊಸೆಗೂ ದಾವಣಗೆರೆಯ ಅತ್ತೆಗೂ ಇದಕ್ಕಿಂತ ಬೇರೆ ದಾರಿ ಬೇಕೇ? ಒಂದು ಪ್ರತ್ಯೇಕ ಪಾತ್ರೆ, ಒಂದು ಪ್ರತ್ಯೇಕ ಸೌಟು ಇದ್ದರೆ ಸಾಕು.

ಆದರೆ ಈ ಘಟನೆಯಲ್ಲಿ ನಾವು ಗಮನಿಸದೆ ದಾಟಿಬಿಡುವ ಅಂಶ ಆ ಮಹಿಳೆಯ ಮಾತು. ಮುಂದಿಟ್ಟದ್ದು ಏನೆಂದು ಉಣ್ಣುವವರಿಗೆ ತಿಳಿದಿರಬೇಕು ಎಂದು ಆಕೆಗೆ ಅನಿಸಿತು. ನನ್ನ ಅಭಿಪ್ರಾಯದಲ್ಲಿ ಅಡುಗೆಯ ನೀತಿಯಲ್ಲಿ ಅತ್ಯಂತ ಕಠಿಣವಾದ ಪ್ರಶ್ನೆ ಇದೇ. ಒಳ್ಳೆಯ ಉದ್ದೇಶದಿಂದ ಮಾಡಿದ ಬದಲಾವಣೆಯನ್ನು ಮುಚ್ಚಿಡಬಹುದೇ?

ಮಾವನವರಿಗೆ ರಕ್ತದೊತ್ತಡ. ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ಮಾವನವರೋ ಉಪ್ಪಿಲ್ಲದ ಊಟ ಊಟವೇ ಅಲ್ಲ ಎನ್ನುವವರು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು ಸಾಕೆನ್ನುತ್ತದೆ. ಸೊಸೆ ಏನೂ ಹೇಳದೆ ವಾರಕ್ಕಿಷ್ಟು ಎಂಬಂತೆ ಉಪ್ಪು ಇಳಿಸುತ್ತಾ, ಲಿಂಬೆ ರಸ, ಕರಿಮೆಣಸು, ಶುಂಠಿಯಿಂದ ಆ ಕೊರತೆ ತುಂಬಿಸುತ್ತಾಳೆ. ನಾಲಗೆ ನಿಧಾನವಾಗಿ ಒಗ್ಗುತ್ತದೆ ಎಂಬುದು ನಿಜ. ಇದು ವಂಚನೆಯೇ?

ಹೇಳದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ವ್ಯತ್ಯಾಸವಿದೆ. ಎಷ್ಟು ಚಿಟಿಕೆ ಹಾಕಿದೆ ಎಂದು ಪ್ರತಿದಿನ ವರದಿ ಒಪ್ಪಿಸುವ ಬಾಧ್ಯತೆ ಅಡುಗೆ ಮಾಡುವವರ ಮೇಲಿಲ್ಲ. ಆದರೆ ಅವರು ‘ಉಪ್ಪು ಕಡಿಮೆ ಮಾಡಿದ್ದೀಯಾ?’ ಎಂದು ನೇರವಾಗಿ ಕೇಳಿದಾಗ ‘ಇಲ್ಲ, ಯಾವಾಗಿನಷ್ಟೇ ಇದೆ’ ಎಂದರೆ ಅದು ಸುಳ್ಳು. ಉದ್ದೇಶ ಒಳ್ಳೆಯದೆಂಬುದು ಅದನ್ನು ಸತ್ಯವಾಗಿಸುವುದಿಲ್ಲ. ಇನ್ನೂ ಒಂದು ಮಾತಿದೆ. ಎಪ್ಪತ್ತು ವರ್ಷ ಬದುಕಿದ ಮನುಷ್ಯನನ್ನು, ತನ್ನ ದೇಹದ ಬಗ್ಗೆ ತೀರ್ಮಾನಿಸಲಾಗದ ಮಗುವಿನಂತೆ ನಡೆಸಿಕೊಳ್ಳುವುದು ಗೌರವವಲ್ಲ. ಹಾಗೆ ನೋಡಿದರೆ ಮುಚ್ಚಿಡುವುದರಿಂದ ಪ್ರಯೋಜನವೂ ಕಡಿಮೆಯೇ. ಸಾರಿನಲ್ಲಿ ಸಿಗದ ಉಪ್ಪನ್ನು ಅವರು ಉಪ್ಪಿನಕಾಯಿಯ ಭರಣಿಯಲ್ಲಿ, ಹಪ್ಪಳದಲ್ಲಿ, ಒಣ ಮೀನಿನಲ್ಲಿ ಹುಡುಕಿಕೊಳ್ಳುತ್ತಾರೆ. ಹೇಳಿ ಮಾಡಿದರೆ ಕನಿಷ್ಠ ಆ ಭರಣಿಯ ವಿಷಯವನ್ನಾದರೂ ಮಾತನಾಡಬಹುದು.

ಮುಚ್ಚಿಡುವುದು ಅಪಾಯಕಾರಿಯೂ ಆಗಬಹುದು. ಅಂಗಡಿಗಳಲ್ಲಿ ಸಿಗುವ ‘ಸೋಡಿಯಂ ಕಡಿಮೆ’ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸೇವಿಸುವವರಿಗೆ ಅದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಸೊಸೆ ಹಿತಕ್ಕೆಂದೇ ಗುಟ್ಟಾಗಿ ಉಪ್ಪು ಬದಲಿಸಿದರೆ ವೈದ್ಯರಿಗೂ ಕಾರಣ ಹೊಳೆಯದು. ಮಧುಮೇಹ ಇರುವವರಿಗೆ ಸಕ್ಕರೆಯ ಬದಲು ಬೆಲ್ಲ ಹಾಕಿದ ಪಾಯಸ ಕೊಟ್ಟು ‘ಇದು ಏನೂ ಮಾಡುವುದಿಲ್ಲ’ ಎನ್ನುವುದೂ ಇಂತಹದೇ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ರೋಗಿಗಾಗಿ ಅಡುಗೆ ಬದಲಿಸುವ ಕಲೆ ಮುಸ್ಲಿಮ್ ಮನೆಗಳಿಗೆ ಅಪರಿಚಿತವೇನಲ್ಲ. 10ನೆಯ ಶತಮಾನದಲ್ಲಿ ಬಗ್ದಾದಿನ ಇಬ್ನ್ ಸಯ್ಯಾರ್ ಅಲ್ ವರ್‍ರಾಕ್ ಬರೆದ ಪಾಕಗ್ರಂಥದಲ್ಲಿ ‘ಮುಝವ್ವರ್’ ಎಂಬ ಅಡುಗೆಗಳಿವೆ. ಆ ಪದದ ಅರ್ಥವೇ ಖೋಟಾ ಎಂದು! ಮಾಂಸ ಜೀರ್ಣಿಸಲಾಗದ ರೋಗಿಗಳಿಗೆ ಮಾಂಸವಿಲ್ಲದೆ, ಆದರೆ ಮಾಂಸದಡುಗೆಯನ್ನೇ ಹೋಲುವಂತೆ ಅದನ್ನು ಮಾಡುತ್ತಿದ್ದರು. ಕ್ರೈಸ್ತರು ತಮ್ಮ ಉಪವಾಸದ ದಿನಗಳಲ್ಲಿ ತಿನ್ನುತ್ತಿದ್ದುದೂ ಇದನ್ನೇ. ನನಗೆ ಇಲ್ಲಿ ಇಷ್ಟವಾಗುವ ಸಂಗತಿಯೆಂದರೆ, ಆ ಅಡುಗೆ ತನ್ನ ಹೆಸರಿನಲ್ಲೇ ತಾನು ನಕಲಿ ಎಂದು ಒಪ್ಪಿಕೊಂಡಿದೆ.

ಇನ್ನು ಉಣ್ಣುವವರ ಕಡೆಗೆ ಬರೋಣ. ಪ್ರವಾದಿವರ್ಯರು(ಸ) ಎಂದೂ ಆಹಾರವನ್ನು ದೂಷಿಸಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂಬ ಹ. ಅಬೂಹುರೈರಾ(ರ)ರ ವರದಿಯನ್ನು ನಮ್ಮ ಗಂಡಸರು ಚೆನ್ನಾಗಿ ಬಲ್ಲರು. ಉಪನ್ಯಾಸಗಳಲ್ಲಿ ಕೇಳಿಯೂ ಇದ್ದಾರೆ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಆ ನೆನಪು ಎಲ್ಲಿಗೆ ಹೋಗುತ್ತದೋ! ಶಾಫಿಈ ಮದ್‌ಹಬ್‌ನ ಹಿರಿಯ ವಿದ್ವಾಂಸರೂ 1277ರಲ್ಲಿ ನಿಧನರಾದವರೂ ಆದ ಇಮಾಮ್ ನವವಿಯವರು, ರೊಟ್ಟಿ ಸುಡುವುದು, ಅಡುಗೆ ಮಾಡುವುದು ಮುಂತಾದವು ಪತ್ನಿಯ ಮೇಲಿನ ಕಾನೂನುಬದ್ಧ ಹೊಣೆಯಲ್ಲ, ಆಕೆಯ ಔದಾರ್ಯ ಮತ್ತು ರೂಢಿಯಿಂದ ಬಂದ ಸತ್ಕಾರ್ಯ ಎಂದು ಬರೆದಿದ್ದಾರೆ. ಇಬ್ನ್ ತೈಮಿಯ್ಯಾರಂತಹವರು ಇದಕ್ಕೆ ಭಿನ್ನವಾಗಿ, ರೂಢಿಯಲ್ಲಿರುವಷ್ಟು ಸೇವೆ ಆಕೆಯ ಹೊಣೆ ಎಂದರು. ವಾದ ಏನೇ ಇರಲಿ, ಔದಾರ್ಯದಿಂದ ಬಂದಿರಬಹುದಾದ ತಟ್ಟೆಯ ಮುಂದೆ ಕುಳಿತು ‘ಇದೇನು ಮಾಡಿಟ್ಟಿದ್ದೀ?’ ಎನ್ನುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ?

ನವವಿಯವರು ಈ ಮಾತು ಬರೆದದ್ದು ಹ. ಅಸ್ಮಾ ಬಿಂತ್ ಅಬೂಬಕರ್(ರ)ರ ವರದಿಯ ವಿವರಣೆಯಲ್ಲಿ. ತನಗೆ ಹಿಟ್ಟು ನಾದಲು ಬರುತ್ತಿತ್ತು, ಆದರೆ ರೊಟ್ಟಿ ಚೆನ್ನಾಗಿ ಸುಡಲು ಬರುತ್ತಿರಲಿಲ್ಲ, ನೆರೆಯ ಅನ್ಸಾರಿ ಮಹಿಳೆಯರು ಸುಟ್ಟುಕೊಡುತ್ತಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಅಬೂಬಕರ್(ರ)ರ ಮಗಳಿಗೆ ರೊಟ್ಟಿ ಸುಡಲು ಬರುತ್ತಿರಲಿಲ್ಲ! ನಮ್ಮಲ್ಲಾಗಿದ್ದರೆ ಈ ಸುದ್ದಿ ನಾದಿನಿಯ ಮೂಲಕ ನಾಲ್ಕು ಊರು ಸುತ್ತುತ್ತಿತ್ತು.

ದೂಷಿಸಬಾರದೆಂದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಅರ್ಥವಲ್ಲ. ಪ್ರಯೋಗ ಮಾಡುವವಳಿಗೆ ಫಲಿತಾಂಶ ಗೊತ್ತಾಗದಿದ್ದರೆ ಅದು ಪ್ರಯೋಗವೇ ಅಲ್ಲ. ‘ಹುಳಿ ಸ್ವಲ್ಪ ಮುಂದಾಯಿತು’ ಎನ್ನುವುದು ಮಾಹಿತಿ. ‘ನಮ್ಮಮ್ಮನ ಕೈಗೆ ನಿನ್ನದು ಸಾಟಿಯೇ’ ಎನ್ನುವುದು ಗಾಯ. ಮೊದಲನೆಯದನ್ನು ಆಕೆ ಕೇಳಿದಾಗ ಹೇಳಿ. ಎರಡನೆಯದು ಎಂದಿಗೂ ಬೇಡ. ಇನ್ನು ಮನೆಯಲ್ಲಿ ವಿನೆಗರ್ ಬಿಟ್ಟು ನೆಂಚಿಕೊಳ್ಳಲು ಬೇರೇನೂ ಇಲ್ಲದ ದಿನ ಪ್ರವಾದಿವರ್ಯರು(ಸ) ಆ ವಿನೆಗರನ್ನೇ ಹೊಗಳಿದರು. ಇದ್ದದ್ದರಲ್ಲಿನ ಒಳಿತನ್ನು ಹುಡುಕಿ ಹೇಳಿದರೆ ಅದು ಸುಳ್ಳು ಹೊಗಳಿಕೆಯಾಗುವುದಿಲ್ಲ.

ಪ್ರಯೋಗ ಕೆಟ್ಟಾಗ ಏನು ಮಾಡಬೇಕು? ಹೊಸ ತಿನಿಸನ್ನು ಮೊದಲು ಒಂದು ಲೋಟ ಅಕ್ಕಿಯಲ್ಲಿ ಮಾಡಿ ನೋಡಿ, ಒಂದು ಸೇರಿನಲ್ಲಲ್ಲ. ಈಗ ಮೊಬೈಲ್ ನೋಡಿ ಅಡುಗೆ ಮಾಡುವವರು ಹೆಚ್ಚು. ಅಲ್ಲಿ ತೋರಿಸುವ ಚೀಸ್, ಕ್ರೀಮ್, ಬಣ್ಣಗಳನ್ನೆಲ್ಲ ಕೊಂಡು ಒಂದು ಸಲ ಬಳಸಿ ಮೂಲೆಗೆ ಸರಿಸುವುದು ಇಸ್ರಾಫ್ ಅಲ್ಲದೆ ಇನ್ನೇನು? ಹಾಗೆಂದು ಮಿತವ್ಯಯದ ಹೆಸರಿನಲ್ಲಿ ಹಳಸಿದ್ದನ್ನು ಉಣಿಸಬಾರದು. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ರಾತ್ರಿಯಿಡೀ ಹೊರಗಿದ್ದ ಅನ್ನದಲ್ಲಿ ಬೆಳೆಯುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಹ. ಅಬೂದರ್(ರ)ರಿಗೆ ಪ್ರವಾದಿವರ್ಯರು(ಸ) ಕೊಟ್ಟ ಒಂದು ಸಲಹೆ ನೇರವಾಗಿ ಅಡುಗೆಯನ್ನು ಬದಲಿಸುವ ಸಲಹೆಯೇ. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಅದರ ಸಾರಾಂಶ. ಸಾರು ಸ್ವಲ್ಪ ತೆಳುವಾಗುತ್ತದೆ, ನಿಜ. ಅಡುಗೆಯ ಗಟ್ಟಿತನಕ್ಕಿಂತ ನೆರೆಮನೆಯ ಬಟ್ಟಲು ಮುಖ್ಯವೆಂದು ಇಲ್ಲಿ ಕಾಣುತ್ತದೆ. ನಮ್ಮ ನೆರೆಯವರಲ್ಲಿ ಮಾಂಸ ತಿನ್ನದವರು ಅನೇಕರು. ಅವರಿಗೆ ಸಾರಿನ ಬದಲು ಬೇರೊಂದನ್ನು ಮಾಡಿ ಕಳುಹಿಸಬೇಕು. ಈದ್ ದಿನ ಅವರ ಮನೆಗೆ ಶಾವಿಗೆ ಪಾಯಸ ಒಯ್ಯುವ ಮಗುವಿನ ಬಳಿ ಹೇಳಿ ಕಳುಹಿಸಿ: ಪಾತ್ರೆ ಬೇರೆಯದು, ಸೌಟು ಬೇರೆಯದು. ಕೇಕ್ ಆದರೆ ಅದರಲ್ಲಿ ಮೊಟ್ಟೆ ಇದೆಯೆಂದೂ, ಜೆಲ್ಲಿ ಆದರೆ ಜೆಲಾಟಿನ್ ಇದೆಯೆಂದೂ, ಅವರು ಕೇಳುವ ಮೊದಲೇ ಬಾಗಿಲಲ್ಲಿ ತಿಳಿಸಲಿ.