ಸೊನ್ನೆ ತೋರಿಸುವುದು ಸುಲಭ

ಕೆಲವರಿಗೆ ಹಳೆಯ ಯುದ್ಧವಿಮಾನಗಳ ಹುಚ್ಚು. ರಜೆ ಸಿಕ್ಕರೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ ಮಾರುತ್ ಎದುರು ನಿಂತುಬಿಡುತ್ತಾರೆ. ನನ್ನ ಹುಚ್ಚು ಇನ್ನೂ ವಿಚಿತ್ರ: ವಿಮಾನ ಅಲ್ಲ, ಅದರ ಮೀಟರುಗಳನ್ನು ಪರೀಕ್ಷಿಸುವ ಹಳೆಯ ಪೆಟ್ಟಿಗೆ. ನಾವುಂದದ ಮನೆ ಜಗಲಿಯಲ್ಲಿ ಅಂಥದೊಂದನ್ನು ಬಿಚ್ಚಿಟ್ಟುಕೊಂಡಿದ್ದೇನೆ.

ಆಲ್ಟಿಮೀಟರ್ ನಿಜಕ್ಕೂ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಮೇಲೆ ಹೋದಷ್ಟೂ ಒತ್ತಡ ಇಳಿಯುತ್ತದೆ, ಒಳಗಿರುವ ತೆಳು ಲೋಹದ ಡಬ್ಬಿ ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ಪರೀಕ್ಷಾ ಪೆಟ್ಟಿಗೆಯ ಪಂಪು ಗಾಳಿ ಎಳೆದು, ನೆಲದ ಮೇಲೆಯೇ ಆ ಎತ್ತರದ ಒತ್ತಡ ಹುಟ್ಟಿಸುತ್ತದೆ. ಆಗ ವಿಮಾನದ ಮೀಟರನ್ನು ಪೆಟ್ಟಿಗೆಯ ಮಾಸ್ಟರ್ ಗೇಜಿಗೆ ಹೋಲಿಸಿ ನೋಡುತ್ತಾರೆ. ಮಾಸ್ಟರೇ ತಪ್ಪಿದರೆ? ಅದು ಪಾಸು ಮಾಡಿದ ಮೀಟರುಗಳೆಲ್ಲ ಒಟ್ಟಾಗಿ, ಒಂದೇ ಸುಳ್ಳು ಹೇಳುತ್ತವೆ. ಒಮ್ಮತ ಇದೆಯಲ್ಲ ಅಂತ ಯಾರಿಗೂ ಅನುಮಾನ ಬರುವುದಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಮಾಸ್ಟರಿನ ಡಬ್ಬಿಯೇ ಸೋರುತ್ತಿದೆ. ಕೊಳ್ಳಲು ಬಂದ ಸಂಗ್ರಾಹಕರೊಬ್ಬರು ಅಂದರು: "ಒಳಗಿಂದು ಮುಟ್ಬೇಡಿ, ಒರಿಜಿನಲ್ ಇರ್ಲಿ. ಮುಳ್ಳನ್ನ ಸೊನ್ನೆಗೆ ತಂದು ಕೂರ್ಸಿ, ಸಾಕು. ಈಗ ಇದ್ನ ಯಾರು ಬಳಸ್ತಾರೆ?"

ಕಡಲ ಪಕ್ಕದ ನಾವುಂದದಲ್ಲಿ ಸೊನ್ನೆ ತೋರಿಸುವುದು ಬಹಳ ಸುಲಭ. ಕೆಟ್ಟು ನಿಂತ ಮುಳ್ಳೂ ಇಲ್ಲಿ ಸತ್ಯವಂತನೇ. ಅದೇ ಮುಳ್ಳನ್ನು 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಒಯ್ಯಿರಿ, ಬಂಡವಾಳ ಬಯಲು. ಒತ್ತಡ ಬೀಳದ ಜಾಗದಲ್ಲಿ ನಾವೂ ಎಷ್ಟೋ ಜನ ಪ್ರಾಮಾಣಿಕರೇ, ಅಲ್ವಾ?

ಹಾಗಾದರೆ ಒಂದು ಅಳತೆಯ ಉಪಕರಣದ 'ಒರಿಜಿನಲ್' ಎಲ್ಲಿದೆ? ಹಿತ್ತಾಳೆಯಲ್ಲೋ, ಅದು ಹೇಳುವ ಮಾತಿನಲ್ಲೋ? ವಾಯುಪಡೆಯ 'ಪರಶುರಾಮ' ಡಕೋಟಾ ಇಂಗ್ಲೆಂಡಿನಲ್ಲಿ ರಿಪೇರಿಯಾಗಿ 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂತು. ಹಾರಬೇಕಾದ ವಿಮಾನದಲ್ಲಿ ಸವೆದದ್ದನ್ನು ಬದಲಿಸಲೇಬೇಕು. ಹಾಗಂತ ಅದನ್ನು ನಕಲಿ ಅನ್ನುವವರಿಲ್ಲ. ಮ್ಯೂಸಿಯಮ್ಮಿನಲ್ಲಿ ನಿಂತ ವಿಮಾನಕ್ಕೆ ಆ ಗರಜಿಲ್ಲ, ಅಲ್ಲಿ ಹಳೆಯ ತುಕ್ಕೂ ಇತಿಹಾಸವೇ. ಎರಡೂ ಪ್ರಾಮಾಣಿಕ ದಾರಿಗಳು. ನನಗೆ ಕಷ್ಟವಾಗುವುದು ಮೂರನೆಯದು: ಒಳಗೆ ಸತ್ತು, ಹೊರಗೆ ಸರಿಯಾಗಿರುವಂತೆ ಕಾಣುವುದು. ಈ ಪೆಟ್ಟಿಗೆ ಮುಂದೆ ಕೈಯಿಂದ ಕೈಗೆ ಹೋಗಿ, ಯಾರೋ ಉತ್ಸಾಹಿ ನಂಬಿ ಅದರಿಂದ ಇನ್ನೊಂದು ಮೀಟರು ಪರೀಕ್ಷಿಸಿದರೆ?

ಅಪ್ಪಯ್ಯ ಎಷ್ಟೋ ವರ್ಷ ಅಂಗಡಿಯಲ್ಲಿ ತಕ್ಕಡಿ ಹಿಡಿದವರು. ಈ ಕತೆಯೆಲ್ಲ ಕೇಳಿ ಒಂದೇ ಮಾತು ಹೇಳಿದರು: "ಸೀಲ್ ಇಲ್ದಿದ್ ತೂಕದ್ ಕಲ್ಲ್ ಬರೀ ಕಬ್ಣ ಮಾರಾಯ."

ಹೊಸ ಡಬ್ಬಿ ಹಾಕುತ್ತೇನೆ. ಹಳೆಯದನ್ನು ಚೀಟಿ ಬರೆದು ಪೆಟ್ಟಿಗೆಯಲ್ಲೇ ಇಡುತ್ತೇನೆ. ಬೆಂಗಳೂರಿನ ಲ್ಯಾಬಿನಲ್ಲಿ ತಾಳೆ ನೋಡಿಸುವ ತನಕ "ಇದನ್ನು ನಂಬಬೇಡಿ" ಎಂಬ ಕೆಂಪು ಪಟ್ಟಿ ಮುಚ್ಚಳದ ಮೇಲಿರುತ್ತದೆ. ಬೆಲೆ ಅರ್ಧಕ್ಕಿಳಿಯುತ್ತದೆ ಅಂತ ಸಂಗ್ರಾಹಕರು ಆಗಲೇ ತಿಳಿಸಿದ್ದಾರೆ. ಇಳೀಲಿ.